ಮಗಳಿಗೊಂದು ಪತ್ರ: ಮೂಗು ತೊಳೆಯುವ ಮೊದಲು ನೀರು ಕುದಿಸು

ಪ್ರೀತಿಯ ಪುಟ್ಟಿ,

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಹೇಗೆ ಅಂತ ಕೇಳಿದೆಯಲ್ಲ, ಅದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಲು ನನಗೆ ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೇ ಮಾಡು.

ಬೆಂಗಳೂರಿಗೆ ಹೋದ ಮೇಲೆ ನಿನಗೆ ಈ ಕಾಟ ಜಾಸ್ತಿಯಾಗಿದೆ. ರಸ್ತೆಯ ಧೂಳು, ಖಾಲಿ ಸೈಟುಗಳಲ್ಲಿ ಬೆಳೆದು ನಿಂತ ಕಾಂಗ್ರೆಸ್ ಗಿಡದ ಪರಾಗ, ಬೆಳಗಿನ ತಣ್ಣನೆ ಗಾಳಿ, ಎಲ್ಲವೂ ಸೇರಿದರೆ ಮೂಗು ಕಟ್ಟದೆ ಇರುತ್ತದೆಯೇ? ಎದ್ದ ಕೂಡಲೇ ಕೆನ್ನೆ ಭಾರ, ಹುಬ್ಬಿನ ಮೇಲೆ ನೋವು, ಬಗ್ಗಿದರೆ ಮುಖವೇ ಸಿಡಿದಂತೆ ಅಂದೆ. ಅದಕ್ಕೆ ಕಾರಣ ಇದೆ. ನಮ್ಮ ಮುಖದ ಮೂಳೆಯೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ, ಅವೇ ಸೈನಸ್. ಅದರಲ್ಲಿ ಕೆನ್ನೆಯದ್ದು ಎಲ್ಲಕ್ಕಿಂತ ದೊಡ್ಡದು, ಆದರೆ ಅದರ ಬಾಯಿ ಇರುವುದು ಮೇಲ್ಗಡೆ, ನೀರು ತುಂಬಿಟ್ಟ ಕೊಡದ ಹಾಗೆ. ನೀನು ನೆಟ್ಟಗೆ ಕೂತರೂ ನಿಂತರೂ ಒಳಗಿನ ಸಿಂಬಳ ತಾನಾಗಿ ಇಳಿದು ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಅದನ್ನು ಬಿಡದೆ ತಳ್ಳಿ ತಳ್ಳಿ ಆ ಬಾಯಿಯವರೆಗೆ ತರಬೇಕು. ನೆಗಡಿಯೋ ಅಲರ್ಜಿಯೋ ಆಗಿ ಮೂಗಿನ ಒಳಪದರ ಊದಿಕೊಂಡರೆ ಆ ಬಾಯಿ ಮುಚ್ಚಿಹೋಗುತ್ತದೆ. ನೋವು, ಭಾರ ಶುರುವಾಗುವುದೇ ಅಲ್ಲಿಂದ.

ಉಪ್ಪುನೀರು ಮಾಡುವುದು ಇಷ್ಟೇ. ಮೂಗಿನಲ್ಲಿ ಗಟ್ಟಿಯಾಗಿ ಕೂತ ಸಿಂಬಳ, ಧೂಳು, ಪರಾಗವನ್ನು ತೊಳೆದು ಹಾಕುತ್ತದೆ. ದಾರಿ ಬಿಡುವಾದರೆ ಆ ಸಣ್ಣ ಕೂದಲುಗಳು ಮತ್ತೆ ತಮ್ಮ ಕೆಲಸಕ್ಕೆ ಹತ್ತುತ್ತವೆ. ಇದರಿಂದ ಅಲರ್ಜಿ ಬೇರುಸಹಿತ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಉಸಿರಾಟ ಹಗುರಾಗುತ್ತದೆ, ಅಷ್ಟು ನಿಜ. ಮೆಡಿಕಲ್ ಶಾಪಿನಿಂದ ತಂದು ಹಾಕಿಕೊಳ್ಳುತ್ತೀಯಲ್ಲ, ಹಾಕಿದ ಕೂಡಲೇ ಮೂಗು ಬಿಡಿಸುವ ಆ ಡ್ರಾಪ್ಸ್, ಅದಕ್ಕಿಂತ ಇದು ಎಷ್ಟೋ ವಾಸಿ. ಆ ಡ್ರಾಪ್ಸನ್ನು ಮೂರು ದಿನ ದಾಟಿಸಬೇಡ. ದಿನಗಟ್ಟಲೆ ಹಾಕಿದರೆ ಅದರ ಶಕ್ತಿ ಇಳಿದಾಗ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹಾಕಬೇಕು ಅನಿಸುತ್ತದೆ. ಆ ಸುಳಿಗೆ ಬೀಳಬೇಡ.

ಈಗ ನೀರಿನ ವಿಷಯ. ಈ ಪತ್ರದಲ್ಲಿ ಇನ್ನೇನು ಮರೆತರೂ ಇದನ್ನು ಮರೆಯಬೇಡ. ನಲ್ಲಿ ನೀರು, ಟ್ಯಾಂಕರ್ ನೀರು, ಪಿಜಿಯ ಫಿಲ್ಟರ್ ನೀರು, ಕ್ಯಾನ್ ನೀರು, ಇದಾವುದನ್ನೂ ಹಾಗೇ ಮೂಗಿಗೆ ಹಾಕಬಾರದು. ಕುಡಿಯಲು ಸರಿಯಾದ ನೀರೆಲ್ಲ ಮೂಗಿಗೆ ಸರಿಯಲ್ಲ. ಹೊಟ್ಟೆಗೆ ಹೋದ ಎಷ್ಟೋ ಸೂಕ್ಷ್ಮಜೀವಿಗಳನ್ನು ಅಲ್ಲಿಯ ಆಮ್ಲ ಕೊಲ್ಲುತ್ತದೆ. ಮೂಗಿನಲ್ಲಿ ಆ ಕಾವಲಿಲ್ಲ. ಮೂಗಿನ ಮೇಲ್ತುದಿಯಲ್ಲಿ ವಾಸನೆಯ ನರಗಳು ಒಂದು ತೆಳು ಮೂಳೆಯ ತೂತುಗಳ ಮೂಲಕ ನೇರ ಮಿದುಳಿಗೆ ಹೋಗುತ್ತವೆ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಹತ್ತುವುದು ಅದೇ ದಾರಿಯಲ್ಲಿ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಇಬ್ಬರು ಹೀಗೇ ತೀರಿಕೊಂಡರು, ಮೂಗು ತೊಳೆಯುವ ಮೂತಿಯಿರುವ ನೇತಿ ಪಾತ್ರೆಗೆ ನಲ್ಲಿ ನೀರು ಹಾಕಿಕೊಂಡಿದ್ದರು. ನಮ್ಮ ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರ ಎಷ್ಟೋ ಮಂದಿಗೆ ಬಂತು. ಬಾವಿಗಳಿಗೆಲ್ಲ ಕ್ಲೋರಿನ್ ಹಾಕುವ ಕೆಲಸ ನಡೆಯಿತು. ಇದು ತೀರಾ ಅಪರೂಪದ ಕಾಯಿಲೆ, ನಿಜ. ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. ನೀರು ಕುದಿಸಿದರೆ ಆ ಭಯವೇ ಇಲ್ಲ ಅಂದಮೇಲೆ ಯಾಕೆ ಬಿಡಬೇಕು, ಹೇಳು?

ಪುತ್ತೂರಿನಲ್ಲಿ ಅಜ್ಜ ಬಾವಿ ನೀರಿನಲ್ಲೇ ಜಲನೇತಿ ಮಾಡುತ್ತಿದ್ದರಲ್ಲ, ಅವರಿಗೇನೂ ಆಗಲಿಲ್ಲ ಅಂತ ನೀನು ಕೇಳಬಹುದು. ಅಜ್ಜನ ಶಿಸ್ತನ್ನು ಕಲಿ, ತಾಮ್ರದ ಲೋಟ ಹಿಡಿದು ಬೆಳಿಗ್ಗೆ ಅಂಗಳಕ್ಕೆ ಇಳಿಯುತ್ತಿದ್ದ ಆ ನಿಯಮವನ್ನು ಕಲಿ. ನೀರನ್ನು ಮಾತ್ರ ಕುದಿಸು.

ಕುದಿ ಬಂದ ಮೇಲೆ ಮೂರು ನಿಮಿಷ ಚೆನ್ನಾಗಿ ಕುದಿಯಲಿ. ನಿನ್ನ ರೂಮಿನ ಕೆಟಲ್ ಕುದಿ ಬಂದ ತಕ್ಷಣ ತಾನೇ ಆಫ್ ಆಗುತ್ತದೆ, ಹಾಗಾಗಿ ಅದು ಸಾಲದು. ಪಿಜಿಯ ಅಡುಗೆಮನೆಯ ಅಕ್ಕನನ್ನು ಕೇಳು, ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ಕುದಿಸಿ ಕೊಟ್ಟರೆ ಮುಚ್ಚಿಟ್ಟು ಒಂದು ದಿನದೊಳಗೆ ಬಳಸು. ಅವರು ಒಪ್ಪದಿದ್ದರೆ ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ. ಅದರಲ್ಲಿ ಉಪ್ಪು ಬೇಕಾದಷ್ಟು ಇದ್ದೇ ಇರುತ್ತದೆ, ಮತ್ತೆ ಸೇರಿಸಬೇಡ. ಒಮ್ಮೆ ತೆರೆದ ಬಾಟಲಿಯನ್ನು ವಾರಗಟ್ಟಲೆ ಇಟ್ಟುಕೊಳ್ಳಬೇಡ.

ಉಪ್ಪಿನ ಅಳತೆ: ಒಂದು ಲೀಟರಿಗೆ 9 ಗ್ರಾಂ. ಅಂದರೆ 240 ಮಿಲೀ ನೀರಿಗೆ ಟೀ ಚಮಚದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಪುಡಿ ಉಪ್ಪು. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಉರಿ ಇನ್ನೂ ಕಡಿಮೆ. ಇದು ನಮ್ಮ ರಕ್ತದಲ್ಲಿರುವ ಉಪ್ಪಿನಂಶಕ್ಕೆ ಹೊಂದುವ ಅಳತೆ, ಅದಕ್ಕೇ ಮೂಗು ಉರಿಯುವುದಿಲ್ಲ. ಸಪ್ಪೆ ನೀರು ಹಾಕಿ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಅಂಗಡಿಯ ಉಪ್ಪಿನಲ್ಲಿರುವ ಅಯೋಡಿನ್ ಕೆಲವರಿಗೆ ಆಗಿಬರುವುದಿಲ್ಲ, ಕಲ್ಲುಪ್ಪಿನಲ್ಲಿ ಮಣ್ಣಿನ ಕಣ ಇರಬಹುದು. ಮೂಗು ತೊಳೆಯುವುದಕ್ಕೆಂದೇ ಅಳೆದು ಕಟ್ಟಿದ ಪುಟ್ಟ ಪ್ಯಾಕೆಟ್‌ಗಳು ಸಿಗುತ್ತವೆ. ನಿನಗೆ ಅವೇ ಸುಲಭ.

ನೀರು ಉಗುರುಬೆಚ್ಚಗಿರಲಿ. ಮುಂಗೈಗೆ ಹಾಕಿ ನೋಡು, ಬಿಸಿ ಅನಿಸಿದರೆ ಇನ್ನಷ್ಟು ಆರಲಿ. ಸಿಂಕಿನ ಮೇಲೆ ಬಗ್ಗಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸು. ಬಾಯಿ ತೆರೆದಿರಲಿ, ಉಸಿರು ಬಾಯಲ್ಲೇ. ಮೇಲಿನ ಹೊಳ್ಳೆಗೆ ಪಾತ್ರೆಯ ಮೂತಿ ಇಟ್ಟು ನಿಧಾನ ಹೊಯ್ದರೆ ಕೆಳಗಿನ ಹೊಳ್ಳೆಯಿಂದ ನೀರು ಬರುತ್ತದೆ. ಮಾತಾಡಬೇಡ, ನುಂಗಬೇಡ, ಮೂಗಿನಿಂದ ಒಳಕ್ಕೆ ಎಳೆಯಬೇಡ. ಗಂಟಲಿಗೆ ಬಂದರೆ ಉಗಿದುಬಿಡು, ಗಾಬರಿ ಬೇಡ. ಅರ್ಧ ನೀರು ಮುಗಿದ ಮೇಲೆ ಇನ್ನೊಂದು ಪಕ್ಕ. ಆಮೇಲೆ ಮುಂದಕ್ಕೆ ಬಗ್ಗಿ ಉಳಿದ ನೀರು ಇಳಿಯಲು ಬಿಡು. ಎರಡೂ ಹೊಳ್ಳೆ ತೆರೆದೇ ಮೂಗಿನಿಂದ ಮೆಲ್ಲಗೆ ಗಾಳಿ ಹೊರಕ್ಕೆ ಊದು. ಮೂಗು ಹಿಡಿದು ಜೋರಾಗಿ ಊದಿದರೆ ನೀರು ಕಿವಿಯ ಕಡೆಗೆ ಹೋಗಿ ನೋಯುತ್ತದೆ. ಮಲಗುವುದಕ್ಕೆ ಸ್ವಲ್ಪ ಮುಂಚೆ ಮಾಡುವುದು ಬೇಡ, ಸಂಜೆ ಮನೆಗೆ ಬಂದ ಮೇಲೆ ಒಳ್ಳೆಯದು, ದಿನದ ಧೂಳೂ ಹೋಗುತ್ತದೆ. ಡಾಕ್ಟರು ಮೂಗಿನ ಸ್ಪ್ರೇ ಕೊಟ್ಟಿದ್ದರೆ ಮೊದಲು ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹಾಕು. ಪಾತ್ರೆಯನ್ನು ಪ್ರತಿ ಸಲವೂ ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲೇ ಜಾಲಿಸಿ, ಒಣಗಲು ಬೋರಲು ಇಡು.

ಮೂಗು ಎರಡೂ ಕಡೆ ಪೂರ್ತಿ ಬಿಗಿದಿದ್ದರೆ ಬಲವಂತ ಮಾಡಬೇಡ, ನೀರು ಹೊರಬರಲು ದಾರಿಯೇ ಇರುವುದಿಲ್ಲ. ಕಿವಿ ನೋವಿದ್ದ ದಿನ, ಮೂಗಿನಿಂದ ರಕ್ತ ಬಂದ ದಿನವೂ ಬೇಡ.

ಸಿಂಬಳ ಹಳದಿಯೋ ಹಸಿರೋ ಆದ ಮಾತ್ರಕ್ಕೆ ನೀನಾಗಿ ಆಂಟಿಬಯೋಟಿಕ್ ತಂದು ನುಂಗಬೇಡ, ನೆಗಡಿಯಲ್ಲಿ ಅದು ಹಾಗೇ ಆಗುತ್ತದೆ. ಹತ್ತು ದಿನ ದಾಟಿದರೂ ಕಡಿಮೆಯಾಗದಿದ್ದರೆ, ವಾಸಿಯಾಗುತ್ತಾ ಬಂದು ಮತ್ತೆ ಜ್ವರ, ನೋವು ಜೋರಾದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗು. ಕಣ್ಣಿನ ಸುತ್ತ ಊದಿದರೆ, ಎರಡೆರಡು ಕಂಡರೆ, ಕುತ್ತಿಗೆ ಬಿಗಿದರೆ, ತಡೆಯಲಾರದ ತಲೆನೋವು ಬಂದರೆ ಬೆಳಗಾಗುವವರೆಗೆ ಕಾಯಬೇಡ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗು. ನನಗೆ ದಾರಿಯಲ್ಲಿ ಫೋನ್ ಮಾಡಿದರೆ ಸಾಕು.

ಸ್ಟೀಲಿನ ನೇತಿ ಲೋಟ ಮತ್ತು ಉಪ್ಪಿನ ಪ್ಯಾಕೆಟ್‌ಗಳನ್ನು ಕೊರಿಯರ್ ಮಾಡಿದ್ದೇನೆ, ಶುಕ್ರವಾರದೊಳಗೆ ಬರಬಹುದು. ಮೊದಲ ಸಲ ಶನಿವಾರ ಬೆಳಿಗ್ಗೆ ಮಾಡು, ಆಫೀಸಿನ ಅವಸರ ಇರುವುದಿಲ್ಲ. ವಿಡಿಯೋ ಕಾಲ್ ಮಾಡು, ತಲೆ ಎಷ್ಟು ವಾಲಿಸಬೇಕು ಅಂತ ನಾನೇ ತೋರಿಸುತ್ತೇನೆ.

ಪ್ರೀತಿಯಿಂದ,
ಅಮ್ಮ