ಬೇಡ ಅಂದವರಿಗೇ ಸಿಕ್ಕ ಹೋಂ ರೂಲ್

ಬೆಲ್‌ಫಾಸ್ಟ್
ಜುಲೈ 20

ಪ್ರೀತಿಯ ಅಜ್ಜನಿಗೆ ನಿಮ್ಮ ಮೊಮ್ಮಗಳ ನಮಸ್ಕಾರಗಳು.

ನಾನಿಲ್ಲಿ ಆರಾಮ ಇದ್ದೇನೆ. ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಟಿಳಕವಾಡಿಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ ಅಂತ ಅವ್ವ ಹೇಳಿದಳು. ಇಲ್ಲೂ ಮಳೆ. ಆದರೆ ನಮ್ಮೂರಿನ ಹಾಗೆ ಧೋ ಎಂದು ಸುರಿದು ಮುಗಿಯುವ ಮಳೆಯಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ಬರೀ ಜಿಟಿಜಿಟಿ. ಕೊಡೆ ಬಿಚ್ಚಿದರೆ ಗಾಳಿ ಕಿತ್ತುಕೊಳ್ಳುತ್ತದೆ, ಬಿಚ್ಚದಿದ್ದರೆ ನೆನೆಯುತ್ತೇನೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: ಜುಲೈ 12ಕ್ಕೆ ಅಲ್ಲಿ ಬೆಂಕಿ ಹಾಕಿ, ದೊಡ್ಡ ದೊಡ್ಡ ಡೋಲು ಬಾರಿಸಿಕೊಂಡು ಮೆರವಣಿಗೆ ಹೋಗುತ್ತಾರಲ್ಲ, ಹೋಂ ರೂಲ್ ಕೇಳಿದವರು ಅವರೇನಾ? ಅಲ್ಲ ಅಜ್ಜ, ಬೇಡ ಅಂದವರು. ಇಷ್ಟು ಹೇಳುವಷ್ಟರಲ್ಲಿ ಲೈನ್ ಹೋಯಿತು. ಅದಕ್ಕೇ ಈ ಪತ್ರ. ಇಡೀ ಜೀವಮಾನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರಿಗೆ ನಾನು ಇತಿಹಾಸ ಹೇಳುವುದು ಸ್ವಲ್ಪ ಅತಿಯೇ. ಆದರೆ ನಮ್ಮ ಪಾಠದಲ್ಲಿ ಹೋಂ ರೂಲ್ ಬಗ್ಗೆ ಇದ್ದದ್ದು ನಾಲ್ಕೇ ಸಾಲು. 1916, ತಿಲಕರು, ಆನಿ ಬೆಸೆಂಟ್, ಮುಗೀತು. ಆ ಪದ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ನಾನು ಕೆಲಸ ಮಾಡುವ ಕೇರ್ ಹೋಮಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು 91. ಅವರ ಹಾಸಿಗೆಯ ಎದುರಿನ ಗೋಡೆಯಲ್ಲಿ ಒಂದು ಹಳೇ ಕಾಗದ ಫ್ರೇಮಿನೊಳಗೆ ಇದೆ. ಮದುವೆಯ ಸರ್ಟಿಫಿಕೇಟ್ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಮಾತ್ರೆ ಕೊಡುತ್ತಾ ಹತ್ತಿರ ಹೋಗಿ ಓದಿದೆ. ಅದು ಅವರ ಅಜ್ಜಿ 1912ರ ಸೆಪ್ಟೆಂಬರ್ 28ರಂದು ಸಹಿ ಹಾಕಿದ ಘೋಷಣೆಯ ಪ್ರತಿ. ಹೋಂ ರೂಲಿನ ವಿರುದ್ಧ ನಮ್ಮ ಗಂಡಸರ ಜೊತೆ ನಾವೂ ಇದ್ದೇವೆ ಅಂತ ಅಲ್‌ಸ್ಟರಿನ, ಅಂದರೆ ಐರ್ಲೆಂಡಿನ ಈ ಉತ್ತರ ಭಾಗದ, ಹೆಂಗಸರು ಕೊಟ್ಟ ಮಾತು. ಹೆಂಗಸರಿಗೆ ಇನ್ನೂ ವೋಟು ಇರಲಿಲ್ಲ. ಸಹಿ ಮಾತ್ರ ಬೇಕಾಗಿತ್ತು!

ಆ ಒಂದು ದಿನ ಗಂಡಸರು ಹೆಂಗಸರು ಸೇರಿ ಸುಮಾರು 4 ಲಕ್ಷ 71 ಸಾವಿರ ಜನ ಸಹಿ ಹಾಕಿದರು. ಗಂಡಸರ ಕಾಗದ ಬೇರೆ, ಹೆಂಗಸರದ್ದು ಬೇರೆ. ಮೊದಲ ಸಹಿ ಬೆಲ್‌ಫಾಸ್ಟ್ ಸಿಟಿ ಹಾಲಿನಲ್ಲಿ ಎಡ್ವರ್ಡ್ ಕಾರ್ಸನ್ ಅನ್ನುವ ವಕೀಲರದ್ದು. ಈ ಸಿಟಿ ಹಾಲನ್ನು ನೆನಪಿಟ್ಟುಕೊಳ್ಳಿ ಅಜ್ಜ, ಆಮೇಲೆ ಮತ್ತೆ ಬರುತ್ತದೆ.

ಇಷ್ಟೆಲ್ಲ ಸಿಟ್ಟು ಯಾವುದರ ಮೇಲೆ ಅಂತ ಕೇಳಿದರೆ ನಿಮಗೆ ನಗು ಬರಬಹುದು. ಹೋಂ ರೂಲ್ ಅಂದರೆ ಸ್ವಾತಂತ್ರ್ಯವೇ ಅಲ್ಲ. 1801ರಲ್ಲಿ ಡಬ್ಲಿನ್ನಿನ ಪಾರ್ಲಿಮೆಂಟನ್ನು ಮುಚ್ಚಿ ಐರ್ಲೆಂಡನ್ನು ನೇರವಾಗಿ ಲಂಡನ್ನಿಗೆ ಸೇರಿಸಿಕೊಂಡಿದ್ದರು. ಆ ಕಟ್ಟಡ ಆಮೇಲೆ ಬ್ಯಾಂಕಾಯಿತು, ಈಗಲೂ ಬ್ಯಾಂಕೇ. ನಮ್ಮ ಪಾರ್ಲಿಮೆಂಟು ನಮಗೆ ವಾಪಸ್ ಕೊಡಿ, ರಾಜ ಬೇಕಾದರೆ ನಿಮ್ಮವನೇ ಇರಲಿ, ಸೈನ್ಯ, ವಿದೇಶದ ವ್ಯವಹಾರ ಎಲ್ಲ ನೀವೇ ಇಟ್ಟುಕೊಳ್ಳಿ ಅನ್ನುವುದು ಹೋಂ ರೂಲ್. ಹೆಚ್ಚುಕಮ್ಮಿ ಇವತ್ತು ನಮ್ಮ ರಾಜ್ಯ ಸರ್ಕಾರಕ್ಕೆ ಇರುವಷ್ಟು ಅಧಿಕಾರ. ಇಷ್ಟಕ್ಕಾಗಿ ನ್ಯಾಷನಲಿಸ್ಟರು ನಲವತ್ತು ವರ್ಷ ಲಂಡನ್ನಿನಲ್ಲಿ ಕೂತು ಮಾತಾಡಿದರು. 1886ರ ಮಸೂದೆ 30 ವೋಟಿನಲ್ಲಿ ಬಿತ್ತು. 1893ರದ್ದು ಕೆಳಮನೆಯಲ್ಲಿ ಗೆದ್ದಿತು, ಲಾರ್ಡ್‌ಗಳ ಮೇಲ್ಮನೆಯಲ್ಲಿ 419ಕ್ಕೆ 41ರಿಂದ ಸೋತಿತು. 1911ರಲ್ಲಿ ಲಾರ್ಡ್‌ಗಳ ಕೈಯಿಂದ ಆ ಅಧಿಕಾರ ಹೋಯಿತು. ಇನ್ನು ಅವರು ಮಸೂದೆಯನ್ನು ತಡ ಮಾಡಬಹುದು, ಕೊಲ್ಲಲಾಗದು. 1912ರ ಏಪ್ರಿಲಿನಲ್ಲಿ ಮೂರನೇ ಮಸೂದೆ ಬಂದಾಗ ಇದು ಪಾಸಾಗಿಯೇ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. ಬೆಲ್‌ಫಾಸ್ಟಿನಲ್ಲೇ ಕಟ್ಟಿದ ಟೈಟಾನಿಕ್ ಮುಳುಗಿದ್ದೂ ಅದೇ ವಾರ. ಈ ಊರಿಗೆ ಒಳ್ಳೇ ವಾರವಲ್ಲ ಅದು.

ಯೂನಿಯನಿಸ್ಟರ, ಅಂದರೆ ಹೋಂ ರೂಲ್ ಬೇಡ, ಲಂಡನ್ನಿನ ಜೊತೆಗೇ ಇರೋಣ ಅಂದವರ, ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಬೆಲ್‌ಫಾಸ್ಟ್ ಅಂದರೆ ಹಡಗು, ಲಿನನ್ ಬಟ್ಟೆ, ಕಾರ್ಖಾನೆ. ಇವರ ಮಾಲು ಹೋಗುತ್ತಿದ್ದದ್ದು ಸಾಮ್ರಾಜ್ಯದ ಮಾರುಕಟ್ಟೆಗೆ. ಡಬ್ಲಿನ್ನಿನಲ್ಲಿ ಪಾರ್ಲಿಮೆಂಟು ಬಂದರೆ ಅಲ್ಲಿ ಕ್ಯಾಥೊಲಿಕ್ ರೈತರೇ ಜಾಸ್ತಿ, ನಮ್ಮ ಮೇಲೆ ತೆರಿಗೆ ಹಾಕಿ ಅವರ ಹೊಲ ನೋಡಿಕೊಳ್ಳುತ್ತಾರೆ ಅನ್ನುವ ಲೆಕ್ಕ ಒಂದು. ಹೋಂ ರೂಲ್ ಅಂದರೆ ರೋಮ್ ರೂಲ್, ಅಂದರೆ ಪೋಪನ ಆಳ್ವಿಕೆ ಅನ್ನುವ ಭಯ ಇನ್ನೊಂದು. 1690ರಲ್ಲಿ ಪ್ರಾಟೆಸ್ಟೆಂಟ್ ರಾಜ ವಿಲಿಯಂ ಬಾಯ್ನ್ ನದಿಯ ದಡದಲ್ಲಿ ಗೆದ್ದ ದಿನವನ್ನೇ ಇವರು ಈಗಲೂ ಜುಲೈ 12ರಂದು ಆಚರಿಸುವುದು. ಆದರೆ ಇವರ ಹೆದರಿಕೆಯನ್ನು ಲಂಡನ್ನಿನ ಕನ್ಸರ್ವೇಟಿವ್ ಪಕ್ಷದವರು ತಮ್ಮ ಚುನಾವಣೆಗೆ ಚೆನ್ನಾಗಿ ಬಳಸಿಕೊಂಡರು. ನನಗೆ ಸಿಟ್ಟು ಬರುವುದು ಅಲ್ಲಿ.

ಸಹಿಯ ಮೇಲೆ ಬಂದೂಕು ಬಂತು. 1913ರ ಜನವರಿಯಲ್ಲಿ ಅಲ್‌ಸ್ಟರ್ ವಾಲಂಟಿಯರ್ ಫೋರ್ಸ್ ಹುಟ್ಟಿತು. 1914ರ ಏಪ್ರಿಲಿನಲ್ಲಿ ಒಂದು ರಾತ್ರಿ ಲಾರ್ನ್ ಬಂದರಿನಲ್ಲಿ ಸುಮಾರು 25,000 ಬಂದೂಕು ಇಳಿದವು. ಎಲ್ಲಿಂದ ಬಂದವು ಗೊತ್ತಾ? ಜರ್ಮನಿಯಿಂದ! ರಾಜನಿಗೆ ನಿಷ್ಠರು ಅನ್ನುವವರು ರಾಜನ ಸರ್ಕಾರದ ವಿರುದ್ಧ ಜರ್ಮನಿಯ ಬಂದೂಕು ತರಿಸಿದರು. ನಾಲ್ಕು ತಿಂಗಳಿಗೆ ಅದೇ ಜರ್ಮನಿಯ ಜೊತೆ ಯುದ್ಧ. ಇವರನ್ನು ನೋಡಿ ನ್ಯಾಷನಲಿಸ್ಟರೂ ಡಬ್ಲಿನ್ನಿನಲ್ಲಿ ಐರಿಷ್ ವಾಲಂಟಿಯರ್ಸ್ ಕಟ್ಟಿದರು, ಅವರೂ ಹೌತ್ ಬಂದರಿನಲ್ಲಿ ಬಂದೂಕು ಇಳಿಸಿದರು. ಅವೂ ಜರ್ಮನಿಯವೇ, ಆದರೆ 900 ಮಾತ್ರ. ಉತ್ತರದಲ್ಲಿ ಪೊಲೀಸರು ಕಣ್ಣು ಮುಚ್ಚಿಕೊಂಡರು. ಡಬ್ಲಿನ್ನಿನಲ್ಲಿ ಅದೇ ದಿನ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು.

ಯುದ್ಧ ಶುರುವಾದ ಮೇಲೆ ಹೋಂ ರೂಲ್ ಕಾನೂನಾಯಿತು. ಅದೇ ದಿನ ಯುದ್ಧ ಮುಗಿಯುವವರೆಗೆ ಜಾರಿಯಿಲ್ಲ ಅಂತ ಪಕ್ಕಕ್ಕಿಟ್ಟರು. ನ್ಯಾಷನಲಿಸ್ಟ್ ನಾಯಕ ಜಾನ್ ರೆಡ್ಮಂಡ್ ಇದನ್ನು ನಂಬಿ ತಮ್ಮ ಹುಡುಗರನ್ನು ಬ್ರಿಟಿಷ್ ಸೈನ್ಯಕ್ಕೆ ಕಳಿಸಿದರು. ಕೇರ್ ಹೋಮಿನಲ್ಲಿ ಅಜ್ಜಿಯ ಪಕ್ಕದ ಕೋಣೆಯಲ್ಲಿ ಫಾಲ್ಸ್ ರಸ್ತೆಯ ಕಡೆಯ ಒಬ್ಬ ಕ್ಯಾಥೊಲಿಕ್ ತಾತ ಇದ್ದಾರೆ. ಅವರ ಅಜ್ಜ ಹೋದದ್ದು ಹಾಗೆ. ಈ ಅಜ್ಜಿಯ ದೊಡ್ಡಜ್ಜ ಹೋದದ್ದು ಕಾರ್ಸನ್ನರ ಹುಡುಗರೇ ತುಂಬಿದ್ದ 36ನೇ ಅಲ್‌ಸ್ಟರ್ ಡಿವಿಷನ್ನಿನಲ್ಲಿ. ಫ್ರಾನ್ಸಿನ ಸೋಮ್ ನದಿಯ ಹತ್ತಿರ 1916ರ ಜುಲೈ 1ರಂದು ಸತ್ತರು. ತಾತ ಅಜ್ಜಿ ಇಬ್ಬರೂ ದಿನಾ ಮಧ್ಯಾಹ್ನ ಒಂದೇ ಟೇಬಲಿನಲ್ಲಿ ಚಹಾ ಕುಡಿಯುತ್ತಾರೆ. ಈ ವಿಷಯ ಮಾತ್ರ ಎತ್ತುವುದಿಲ್ಲ. ನನ್ನ ಹತ್ತಿರ ಬೇರೆ ಬೇರೆಯಾಗಿ ಹೇಳುತ್ತಾರೆ.

ಇಲ್ಲಿ ಯಾರು ಯಾವ ಕಡೆ ಅಂತ ಕಂಡುಹಿಡಿಯಲು ಒಂದು ತಮಾಷೆಯ ದಾರಿ ಇದೆ. ಇಂಗ್ಲಿಷಿನ ಎಂಟನೇ ಅಕ್ಷರ ಹೇಳಿಸಬೇಕು. ಕ್ಯಾಥೊಲಿಕರು ‘ಹೇಚ್’ ಅನ್ನುತ್ತಾರೆ, ಪ್ರಾಟೆಸ್ಟೆಂಟರು ‘ಏಚ್’. ನಾನು ಮೈಸೂರಿನಲ್ಲಿ ನರ್ಸಿಂಗ್ ಓದಿ ‘ಹೆಚ್’ ಕಲಿತು ಬಂದಾಗ ‘ಎಚ್ ಅನ್ನು’ ಅಂತ ಬೈದಿದ್ದಿರಲ್ಲ, ನೆನಪಿದೆಯಾ? ಆ ಹೆಚ್ಚು ಬಾಯಿಂದ ಹೋಗಿಲ್ಲ. ಮೊದಲ ವಾರ ಯಾರದೋ ಹೆಸರಿನ ಸ್ಪೆಲ್ಲಿಂಗ್ ಹೇಳಿದ ಕೂಡಲೇ ತಾತ ಕಣ್ಣು ಹೊಡೆದರು, ನೀನು ನಮ್ಮವಳು ಅನ್ನುವ ಹಾಗೆ.

1916ರ ಏಪ್ರಿಲ್ 24, ಈಸ್ಟರ್ ಸೋಮವಾರ. ಡಬ್ಲಿನ್ನಿನ ದೊಡ್ಡ ಪೋಸ್ಟಾಫೀಸನ್ನು ಸ್ವಲ್ಪ ಜನ ಬಂದೂಕು ಹಿಡಿದು ಒಳಹೊಕ್ಕು, ಇದು ಗಣರಾಜ್ಯ ಅಂತ ಸಾರಿದರು. ಆರು ದಿನದಲ್ಲಿ ಸೋತರು. ಬಂಡಾಯ ಎದ್ದವರ ಮೇಲೆ ಡಬ್ಲಿನ್ನಿನ ಬಹಳ ಜನರಿಗೆ ಸಿಟ್ಟೇ ಇತ್ತು. ಆದರೆ ಮೇ ತಿಂಗಳಲ್ಲಿ ಸೈನ್ಯದವರು ದಿನಕ್ಕೆ ಇಷ್ಟು ಅಂತ 15 ಜನರನ್ನು ಗುಂಡಿಕ್ಕಿ ಕೊಂದರು. ಗಾಯಗೊಂಡು ನಿಲ್ಲಲಾಗದ ಬಂಡಾಯದ ನಾಯಕ ಜೇಮ್ಸ್ ಕಾನಲಿಯವರನ್ನು ಕುರ್ಚಿಗೆ ಕಟ್ಟಿ ಕೊಂದರು. ಅಲ್ಲಿಗೆ ಹೋಂ ರೂಲಿನ ಕಥೆ ಮುಗಿಯಿತು. 1918ರ ಚುನಾವಣೆಯಲ್ಲಿ ರೆಡ್ಮಂಡರ ಪಕ್ಷಕ್ಕೆ ಬಂದದ್ದು 6 ಸೀಟು. ಪೂರ್ತಿ ಸ್ವಾತಂತ್ರ್ಯ ಕೇಳಿದ ಶಿನ್ ಫೇನ್ ಪಕ್ಷಕ್ಕೆ 73. ರೆಡ್ಮಂಡ್ ಅದನ್ನು ನೋಡಲು ಇರಲಿಲ್ಲ, ಅದೇ ವರ್ಷ ಮಾರ್ಚಿನಲ್ಲಿ ತೀರಿಹೋಗಿದ್ದರು.

ಈಗ ನಮ್ಮೂರಿಗೆ ಬನ್ನಿ ಅಜ್ಜ. ಅದೇ 1916ರ ಏಪ್ರಿಲ್ ತಿಂಗಳಲ್ಲೇ ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು, ಅದೂ ನಮ್ಮ ಬೆಳಗಾವಿಯಲ್ಲಿ! ತಿಂಗಳು ನೋಡಿ ನಾನು ಎರಡು ಸಲ ಓದಿದೆ. ಪದ ಹುಟ್ಟಿದ ದೇಶದಲ್ಲಿ ಆ ಪದಕ್ಕೆ ಬೆಂಕಿ ಬಿದ್ದ ತಿಂಗಳಲ್ಲೇ ನಾವು ಅದನ್ನು ಎತ್ತಿಕೊಂಡೆವು. ತಿಲಕರು ಸುಮ್ನೆ ಆರಿಸಿಕೊಂಡ ಪದವಲ್ಲ ಅಂತ ನನಗನ್ನಿಸುತ್ತದೆ. ಮಂಡಾಲೆ ಜೈಲಿನಿಂದ ಬಂದು ಎರಡು ವರ್ಷವೂ ಆಗಿರಲಿಲ್ಲ. ಸ್ವರಾಜ್ಯ ಅಂದರೆ ಮತ್ತೆ ರಾಜದ್ರೋಹ ಅನ್ನುತ್ತಿದ್ದರು. ಹೋಂ ರೂಲ್ ಅಂದರೆ ಲಂಡನ್ನಿನ ಪಾರ್ಲಿಮೆಂಟೇ ಪಾಸು ಮಾಡಿದ ಪದ, ಅದಕ್ಕೆ ಹೇಗೆ ಜೈಲಿಗೆ ಹಾಕುತ್ತೀರಿ? ಸೆಪ್ಟೆಂಬರಿನಲ್ಲಿ ತಮ್ಮದೇ ಲೀಗ್ ಕಟ್ಟಿದ ಆನಿ ಬೆಸೆಂಟರದ್ದು ಮೊದಲೇ ಐರಿಷ್ ಮೂಲ.

ಇನ್ನು ಸಿಟಿ ಹಾಲಿಗೆ ವಾಪಸ್. 1920ರಲ್ಲಿ ಲಂಡನ್ ಒಂದು ಕಾನೂನು ಮಾಡಿ ಐರ್ಲೆಂಡನ್ನು ಎರಡು ಭಾಗ ಮಾಡಿತು. ಡಬ್ಲಿನ್ನಿಗೊಂದು ಹೋಂ ರೂಲ್ ಪಾರ್ಲಿಮೆಂಟು, ಬೆಲ್‌ಫಾಸ್ಟಿಗೊಂದು. ಡಬ್ಲಿನ್ನಿನ ಕೆಳಮನೆಯ 128 ಸದಸ್ಯರಲ್ಲಿ ಬಂದು ಕೂತವರು 4 ಜನ. ಉಳಿದವರಿಗೆ ಅದು ಬೇಡವೇ ಬೇಡ. ಅವರು ಹೋರಾಡಿ ಬೇರೆ ದೇಶವನ್ನೇ ಪಡೆದರು, ಆಮೇಲೆ ಲಂಡನ್ನಿನ ಜೊತೆ ಮಾಡಿಕೊಂಡ ಒಪ್ಪಂದದ ವಿಷಯಕ್ಕೆ ತಮ್ಮತಮ್ಮಲ್ಲೇ ಹೊಡೆದಾಡಿದರು, ಅದು ಬೇರೆ ಕಥೆ. ಬೆಲ್‌ಫಾಸ್ಟಿನ ಪಾರ್ಲಿಮೆಂಟನ್ನು 1921ರ ಜೂನ್ 22ರಂದು ಐದನೇ ಜಾರ್ಜ್ ರಾಜನೇ ಬಂದು ಉದ್ಘಾಟಿಸಿದ. ಎಲ್ಲಿ? ಅದೇ ಸಿಟಿ ಹಾಲಿನಲ್ಲಿ. ಸತ್ತರೂ ಹೋಂ ರೂಲ್ ಒಪ್ಪುವುದಿಲ್ಲ ಅಂತ ಒಂಬತ್ತು ವರ್ಷದ ಹಿಂದೆ ಸಹಿ ಹಾಕಿದ ಕಟ್ಟಡದಲ್ಲೇ ಸಹಿ ಹಾಕಿದವರು ಹೋಂ ರೂಲ್ ತೆಗೆದುಕೊಂಡರು. ಕೇಳಿದವರಿಗೆ ಸಿಗಲಿಲ್ಲ, ಬೇಡ ಅಂದವರು 1972ರವರೆಗೆ ಅದನ್ನೇ ನಡೆಸಿದರು. ನಾನು ಕಳೆದ ಭಾನುವಾರ ಆ ಗುಮ್ಮಟದ ಕೆಳಗೆ ನಿಂತು ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಟೂರಿಸ್ಟ್ ವಿಚಿತ್ರವಾಗಿ ನೋಡಿದ.

ಕಾರ್ಸನ್ನರಿಗೂ ಅದು ಗೆಲುವಾಗಿರಲಿಲ್ಲ. ಅವರು ಹುಟ್ಟಿದ್ದು ಡಬ್ಲಿನ್ನಿನಲ್ಲಿ. ಅಲ್‌ಸ್ಟರನ್ನು ಅಡ್ಡ ಇಟ್ಟು ಇಡೀ ಐರ್ಲೆಂಡನ್ನು ಬ್ರಿಟನ್ನಿನಲ್ಲೇ ಉಳಿಸಬೇಕು ಅನ್ನುವುದು ಅವರ ಆಸೆಯಾಗಿತ್ತು. 1921ರ ಡಿಸೆಂಬರಿನಲ್ಲಿ ಲಾರ್ಡ್‌ಗಳ ಸಭೆಯಲ್ಲಿ ಎದ್ದು ನಿಂತು, ನಾನೆಂಥ ಮೂರ್ಖ, ಕನ್ಸರ್ವೇಟಿವರನ್ನು ಅಧಿಕಾರಕ್ಕೆ ತರುವ ಆಟದಲ್ಲಿ ನಾನು ಬರೀ ಬೊಂಬೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಈಗ ಅವರ ಪ್ರತಿಮೆ ಬೆಲ್‌ಫಾಸ್ಟಿನ ಪಾರ್ಲಿಮೆಂಟಿಗೆ ಆಮೇಲೆ ಕಟ್ಟಿದ ಸ್ಟಾರ್ಮಂಟ್ ಕಟ್ಟಡದ ಮುಂದೆ ಕೈ ಎತ್ತಿಕೊಂಡು ನಿಂತಿದೆ.

ಇನ್ನೂ ಕೆಟ್ಟದ್ದು ಗೋಡೆಯ ಕಾಗದದ ಮನೆಯವರಿಗೆ ಆಯಿತು. ಅಲ್‌ಸ್ಟರಿನಲ್ಲಿ 9 ಜಿಲ್ಲೆ. ಅಷ್ಟನ್ನೂ ಇಟ್ಟುಕೊಂಡರೆ ಪ್ರಾಟೆಸ್ಟೆಂಟರ ಬಹುಮತ ತೆಳ್ಳಗಾಗುತ್ತದೆ ಅಂತ 1920ರಲ್ಲಿ ಯೂನಿಯನಿಸ್ಟರೇ ಲೆಕ್ಕ ಹಾಕಿ 6 ಸಾಕು ಅಂದರು. ಡೊನೆಗಾಲ್, ಕ್ಯಾವನ್, ಮೊನಗನ್ ಮೂರನ್ನು ಬಿಟ್ಟುಕೊಟ್ಟರು. ನಮ್ಮ ಅಜ್ಜಿಯ ಕಡೆಯವರು ಮೊನಗನ್ನಿನವರು! ಆ ಊರಿನ ನಿಷ್ಠೆ ಹೊಸದೂ ಅಲ್ಲ. 1880ರಲ್ಲಿ ಐರ್ಲೆಂಡಿನ ಪಶ್ಚಿಮದ ಮೇಯೋ ಜಿಲ್ಲೆಯಲ್ಲಿ ಬಾಯ್ಕಾಟ್ ಅನ್ನುವ ಜಮೀನ್ದಾರನ ಏಜೆಂಟನ ಜೊತೆ ಊರವರು ಮಾತು, ಕೆಲಸ, ಅಂಗಡಿ ಎಲ್ಲ ನಿಲ್ಲಿಸಿದಾಗ, ಅವನ ಬೆಳೆ ಕೀಳಲು ಹೋದ 50 ಜನ ಇದೇ ಕ್ಯಾವನ್, ಮೊನಗನ್ನಿನವರು. ನಾವು ಬಾಯ್ಕಾಟ್ ಅನ್ನುವುದು ಆ ಮನುಷ್ಯನ ಹೆಸರನ್ನೇ. ಅಷ್ಟು ನಿಷ್ಠೆ ತೋರಿಸಿದವರು ಗೆರೆಯ ಆಚೆ ಉಳಿದರು. ಗೆರೆಯ ಈಚೆಗೆ ಕ್ಯಾಥೊಲಿಕರು ಸಿಕ್ಕಿಬಿದ್ದರು, ಇಲ್ಲಿನ ಜನರಲ್ಲಿ ಮೂರರಲ್ಲೊಂದು ಪಾಲು ಅವರೇ. 1969ರಿಂದ 30 ವರ್ಷ ನಡೆದ ಗಲಭೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತದ್ದರ ಬೇರು ಅಲ್ಲೂ ಇದೆ. ಬೆಳಗಾವಿಯಲ್ಲಿ ಬೆಳೆದವಳಿಗೆ ಗಡಿಗೆರೆ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಹೋಲಿಸುವುದು ಬೇಡ, ನಮ್ಮಲ್ಲಿ ಗೆರೆಯ ಎರಡೂ ಕಡೆ ದೇಶ ಒಂದೇ ಅಲ್ವಾ?

ಆ ಸಹಿಗಳನ್ನೆಲ್ಲ ಇಲ್ಲಿನ ಸರ್ಕಾರಿ ದಾಖಲೆ ಕಚೇರಿ ಇಂಟರ್ನೆಟ್ಟಿಗೆ ಹಾಕಿದೆ. ಮೊನ್ನೆ ಡ್ಯೂಟಿ ಮುಗಿದ ಮೇಲೆ ನನ್ನ ಫೋನಿನಲ್ಲಿ ಅಜ್ಜಿಗೆ ಹುಡುಕಿಕೊಟ್ಟೆ. ಸಿಕ್ಕಿತು. ಅವರ ಅಜ್ಜಿಯ ಕೈಬರಹ, ಪಕ್ಕದಲ್ಲಿ ಊರಿನ ಹೆಸರು. ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ, ಅವಳು ಬೆಲ್‌ಫಾಸ್ಟಿಗೆ ಬಂದ ಮೇಲೆ ಈ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು, ಗೋಡೆಗೆ ಹಾಕಿದ್ದು ನಾನು ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಚಹಾದ ಹೊತ್ತಾಗಿತ್ತು, ತಾತ ಬಾಗಿಲಲ್ಲಿ ನಿಂತಿದ್ದರು.

ಅವ್ವನಿಗೆ ಹೇಳಿ, ಕಳಿಸಿದ ಶೇಂಗಾ ಚಟ್ನಿ ಮುಗಿದಿದೆ. ಕುಂದಾ ಕಳಿಸುವುದು ಬೇಡ, ಹೋದ ಸಲ ದಾರಿಯಲ್ಲೇ ಕೆಟ್ಟಿತ್ತು. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಮತ್ತೆ ಅಜ್ಜ, ತಿಲಕರು ಆ ಲೀಗ್ ಶುರು ಮಾಡಿದ ಸಭೆ ನಮ್ಮೂರಿನಲ್ಲಿ ಸರಿಯಾಗಿ ಯಾವ ಜಾಗದಲ್ಲಿ ಆಯಿತು? ನಿಮ್ಮ ಹಳೇ ಗೆಳೆಯರಲ್ಲಿ ಯಾರಿಗಾದರೂ ಗೊತ್ತಿದ್ದರೆ ಕೇಳಿ ಬರೆಯಿರಿ. ಇಲ್ಲಿ ತಾತನಿಗೆ ಹೇಳಬೇಕು, ಅವರು ನಂಬುತ್ತಿಲ್ಲ.

ನಿಮ್ಮ ಪ್ರೀತಿಯ ಮೊಮ್ಮಗಳು