ಗುಳಿಗೆ ಬಿಡುವ ಮೊದಲು ಇಷ್ಟು ಮಾಡು

ಪ್ರೀತಿಯ ದೋಸ್ತ,

ಫೋನಿನಲ್ಲಿ ನಿನ್ನ ಮಾತು ಅರ್ಧ ಕೇಳಿಸಿತು, ಇನ್ನರ್ಧ ನಾನೇ ಊಹಿಸಿಕೊಂಡೆ. ಬಾಯಿ ಅಗಲಿಸಿದರೆ ತುಟಿ ಒಡೆದು ರಕ್ತ ಬರುತ್ತದೆ, ಮಿರ್ಚಿ ಬಜ್ಜಿ ಕಡೆ ನೋಡೋಕೂ ಆಗಲ್ಲ, ಗಲ್ಲದ ಮೇಲೆ ಸಿಪ್ಪೆ ಏಳುತ್ತಿದೆ, ಈ ತಿಂಗಳ ಮೊಡವೆ ಗುಳಿಗೆ ಮುಗಿದರೆ ಮತ್ತೆ ತರಲ್ಲ ಅಂದೆ. ಆಗಲೇ ಎಲ್ಲ ಹೇಳಬೇಕು ಅನಿಸಿತು. ನೀನು ಶಿಫ್ಟಿಗೆ ಹೊರಟಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಇದೇ ಗುಳಿಗೆ ನುಂಗಿ ಇದೇ ಕಷ್ಟಪಡುವ ಹುಡುಗ ಹುಡುಗಿಯರು ಬಹಳ ಇದ್ದಾರೆ. ಅವರಿಗೂ ಸಿಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ, ಚಿಂತೆ ಬೇಡ.

ನೀನು ನುಂಗುತ್ತಿರುವುದು ಐಸೋಟ್ರೆಟಿನಾಯಿನ್. ನಾನೂ ಅದರ ಪೂರ್ತಿ ಕೋರ್ಸ್ ಮುಗಿಸಿದವನು. ಇದು ವಿಟಮಿನ್ ಎ ಬಳಗದ ಔಷಧ. ಅಮೆರಿಕದಲ್ಲಿ 1982ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಚರ್ಮದಡಿ ಎಣ್ಣೆ ಬಿಡುವ ಸಣ್ಣ ಸಣ್ಣ ಗ್ರಂಥಿಗಳಿವೆಯಲ್ಲ, ಅವನ್ನು ಇದು ಕುಗ್ಗಿಸುತ್ತದೆ. ಎಣ್ಣೆ ಕಡಿಮೆಯಾದರೆ ರಂಧ್ರ ಕಟ್ಟುವುದು ಕಡಿಮೆ, ಕೀವು ತುಂಬಿದ ಗುಳ್ಳೆ ಏಳುವುದೂ ಕಡಿಮೆ. ಆದರೆ ಚರ್ಮದ ತೇವ ಹಾರಿಹೋಗದಂತೆ ಕಾಯುತ್ತಿದ್ದದ್ದೂ ಅದೇ ಎಣ್ಣೆ. ಅದರ ಜೊತೆಗೆ ಚರ್ಮದ ಮೇಲ್ಪದರವೂ ತೆಳುವಾಗುತ್ತದೆ. ಹಾಗಾಗಿ ಮೊಡವೆ ಇಳಿಯುವಾಗ ಮುಖ ಒಣಗದೆ ಇರುವುದಿಲ್ಲ. ತುಟಿಯ ಚರ್ಮ ಮೊದಲೇ ತೆಳು, ಮೊದಲ ಪೆಟ್ಟು ಅಲ್ಲಿಗೇ. ತುಟಿ ಒಣಗದೆ ಈ ಕೋರ್ಸ್ ಮುಗಿಸಿದವರು ಅಪರೂಪ.

ಒಣಗುತ್ತದೆ ಅಂತ ಮೊದಲೇ ಗೊತ್ತಿದ್ದ ಮೇಲೆ, ಒಡೆಯುವ ತನಕ ಯಾಕೆ ಕಾಯಬೇಕು? ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರುಕು ಬಿಟ್ಟ ಮೇಲೆ ಎಷ್ಟು ನೀರು ಬಿಟ್ಟರೂ ಸೀಳಿನೊಳಗೆ ಇಳಿದು ಹೋಗುತ್ತದೆ ನೋಡು, ಹಾಗೆ. ನಿನ್ನ ಡಾಕ್ಟರು ಚೀಟಿಯಲ್ಲಿ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎರಡೂ ಬರೆದಿದ್ದರು. ಅವು ಸುಮ್ನೆ ಖರ್ಚು ಅಂತ ನೀನು ಗುಳಿಗೆ ಮಾತ್ರ ತಂದೆ. ದೋಸ್ತ, ಅವೆರಡೂ ಚಿಕಿತ್ಸೆಯ ಅರ್ಧ ಭಾಗ. ಇವತ್ತೇ ಹೋಗಿ ತಾ.

ತುಟಿಯಿಂದ ಶುರು ಮಾಡೋಣ. ಬಣ್ಣ, ವಾಸನೆ, ಪುದೀನ ತಂಪು ಇರುವ ಬಾಮ್ ಯಾವುದೂ ಬೇಡ. ಆ ತಂಪೇ ಒಡೆದ ತುಟಿಯನ್ನು ಇನ್ನಷ್ಟು ಕೆರಳಿಸುತ್ತದೆ. ಸಾದಾ ವ್ಯಾಸಲಿನ್ ಸಾಕು. ಒಂದು ಸಣ್ಣ ಡಬ್ಬಿ ಹಾಸಿಗೆ ಹತ್ತಿರ, ಒಂದು ಪ್ಯಾಂಟಿನ ಜೇಬಿನಲ್ಲಿ, ಒಂದು ಕೆಲಸದ ಲಾಕರಿನಲ್ಲಿ ಇರಲಿ. ತುಟಿ ಬಿಗಿ ಅನಿಸುವ ಮುಂಚೆಯೇ ಹಚ್ಚು. ಊಟಕ್ಕೆ ಮೊದಲು ಒಂದು ಪದರ ಹಚ್ಚಿದರೆ ಖಾರ ನೇರ ಗಾಯಕ್ಕೆ ತಾಗುವುದಿಲ್ಲ. ಊಟವಾದ ಮೇಲೆ ತೊಳೆದು ಒತ್ತಿ ಒರೆಸಿ ಮತ್ತೆ ಹಚ್ಚು. ರಾತ್ರಿ ಮಲಗುವಾಗ ದಪ್ಪಗೆ, ತುಟಿಯ ಎರಡು ಮೂಲೆಗೂ ಸೇರಿಸಿ. ನಾಲಿಗೆಯಿಂದ ಸವರುವ ಚಟ ಮಾತ್ರ ಬಿಡಲೇಬೇಕು. ಎಂಜಲು ಆರುವಾಗ ಇದ್ದ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಎದ್ದ ಸಿಪ್ಪೆಯನ್ನು ಉಗುರಿನಿಂದ ಕೀಳಬೇಡ. ಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟುಕೋ, ತಾನಾಗೇ ಬಿಡುವಷ್ಟು ಬಿಡುತ್ತದೆ. ನೀರು ಕುಡಿ, ನಮ್ಮ ಬಿಸಿಲಿಗೆ ಬೇಕೇ ಬೇಕು. ಆದರೆ ನೀರು ಕುಡಿದ ಮಾತ್ರಕ್ಕೆ ತುಟಿ ಮೆತ್ತಗಾಗುವುದಿಲ್ಲ. ತುಟಿಯ ಮೂಲೆ ಬಾತು, ಹಳದಿ ಹೆಪ್ಪು ಕಟ್ಟಿ, ಕೀವು ಬಂದರೆ ಅದು ಸೋಂಕು. ಅದಕ್ಕೆ ಬೇರೆ ಮುಲಾಮು ಬೇಕು, ಡಾಕ್ಟರಿಗೆ ತೋರಿಸು.

ಮುಖ ತೊಳೆಯುವ ವಿಷಯ. ಮೊಡವೆ ಇದೆ ಅಂತ ನಾವೆಲ್ಲ ಸೋಪು ಉಜ್ಜಿ ಉಜ್ಜಿ ಅಭ್ಯಾಸ ಮಾಡಿಕೊಂಡಿದ್ದೇವೆ, ಅಲ್ವಾ? ಈಗ ತೊಳೆಯೋಕೆ ಎಣ್ಣೆಯೇ ಇಲ್ಲ. ದಿನಕ್ಕೆ ಎರಡು ಸಲ ಸಾಕು, ನೊರೆ ಕಡಿಮೆ ಬರುವ ಸೌಮ್ಯ ಫೇಸ್‌ವಾಶ್ ಬಳಸು. ಸುಡು ನೀರು ಬೇಡ, ಉಗುರು ಬೆಚ್ಚಗಿರಲಿ. ನಿಮ್ಮ ರೂಮಿನ ಬೋರ್ ನೀರು ಬಕೆಟ್ಟಿಗೆ ಬಿಳಿ ಪದರ ಕಟ್ಟಿಸುವಷ್ಟು ಗಡಸು. ಸೋಪು ಅದರಲ್ಲಿ ಸರಿಯಾಗಿ ಹೋಗದೆ ಚರ್ಮದ ಮೇಲೇ ಉಳಿಯುತ್ತದೆ, ಬಿಗಿ ಜಾಸ್ತಿಯಾಗುತ್ತದೆ. ಕುಡಿಯುವ ನೀರಲ್ಲೇ ಒಂದು ತಂಬಿಗೆ ಮುಖಕ್ಕೆ ಎತ್ತಿಡು. ಕಡಲೆಹಿಟ್ಟು, ನಿಂಬೆರಸ, ಸ್ಕ್ರಬ್ ಎಲ್ಲಕ್ಕೂ ಈ ಕೋರ್ಸ್ ಮುಗಿಯುವ ತನಕ ರಜೆ. ಅವ್ವ ಪ್ರೀತಿಯಿಂದಲೇ ಹೇಳುತ್ತಾಳೆ, ಗೊತ್ತು. ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳು, ಬೇಜಾರು ಮಾಡಿಕೊಳ್ಳುವುದಿಲ್ಲ.

ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿಕೋ. ಮುಖ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ. ಕೊಳ್ಳುವಾಗ ಗ್ಲಿಸರಿನ್, ಸೆರಮೈಡ್ ಅಂತ ಬರೆದಿದೆಯಾ, ನಾನ್‌ಕಾಮಿಡೋಜೆನಿಕ್ ಅಂತ ಇದೆಯಾ ನೋಡು. ಅಂದರೆ ರಂಧ್ರ ಕಟ್ಟದಂಥದ್ದು. ದುಬಾರಿ ಬ್ರ್ಯಾಂಡೇ ಬೇಕಿಲ್ಲ, ವಾಸನೆ ಇಲ್ಲದ ಸಾದಾ ಕ್ರೀಮ್ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮುಖಕ್ಕೆ ಬೇಡ, ಕೈ ಕಾಲಿಗೆ ಹಚ್ಚಿಕೊಳ್ಳಬಹುದು. ಅಂಗೈ ಹಿಂಭಾಗ, ಮುಂಗೈ ಕೆಂಪಗಾಗಿ ತುರಿಸೋದು ಈ ಗುಳಿಗೆಯಲ್ಲಿ ಮಾಮೂಲು. ಮುಖಕ್ಕೆ ಹಚ್ಚಿದಾಗಲೆಲ್ಲ ಕೈಗೂ ಹಚ್ಚು. ಹಿಂದೆ ಮೊಡವೆಗೆ ಹಚ್ಚಲು ಬರೆದುಕೊಟ್ಟಿದ್ದ ಬೆಂಜಾಯ್ಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಜೆಲ್ ಮನೆಯಲ್ಲಿ ಉಳಿದಿದ್ದರೆ ಕೇಳದೆ ಹಚ್ಚಬೇಡ. ಅವೂ ಒಣಗಿಸುವಂಥವೇ.

ಕಟಿಂಗ್ ಅಂಗಡಿ ಬಗ್ಗೆ ಒಂದು ಮಾತು. ಗಡ್ಡ ತೆಗೆದ ಮೇಲೆ ಸ್ಫಟಿಕದ ಕಲ್ಲು ಉಜ್ಜಿ, ಮೇಲೆ ಘಮಘಮ ಲೋಶನ್ ಹೊಡೆಯುವುದು ನಮ್ಮೂರ ಪದ್ಧತಿ. ಈ ಗುಳಿಗೆ ನುಂಗುವವರ ಮುಖಕ್ಕೆ ಎರಡೂ ಬೆಂಕಿ. ಕುಳಿತ ಕೂಡಲೇ ಎರಡೂ ಬೇಡ ಅಂತ ಹೇಳಿಬಿಡು. ಬ್ಲೀಚು, ಫೇಶಿಯಲ್ಲೂ ಬೇಡ. ಸಾಧ್ಯವಾದರೆ ಮಶೀನಿನಲ್ಲಿ ಟ್ರಿಮ್ ಮಾಡಿಸಿಕೋ. ಹೆಣ್ಣುಮಕ್ಕಳು ವ್ಯಾಕ್ಸಿಂಗ್ ಮಾಡಿಸಿಕೊಂಡರೆ ಕೂದಲಿನ ಜೊತೆ ಚರ್ಮವೇ ಕಿತ್ತು ಬರಬಹುದು. ಕೋರ್ಸ್ ನಡೆಯುವಾಗಲೂ, ಮುಗಿದ ಮೇಲೆ 6 ತಿಂಗಳ ತನಕವೂ ಬೇಡ ಅಂತ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಇರುತ್ತದೆ.

ಇನ್ನು ನಿನ್ನ ದಾರಿ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಬೈಕಿನಲ್ಲಿ ಓಡಾಟ, ಎದುರು ಗಾಳಿ, ಅದಿರು ಲಾರಿಗಳ ಕೆಂಧೂಳು. ಅದರ ಮೇಲೆ 40 ಡಿಗ್ರಿ ದಾಟುವ ಬಿಸಿಲು. ಈ ಗುಳಿಗೆ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹೊರಡುವ ಮುಂಚೆ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚು. ಎರಡು ಬೆರಳುದ್ದ ಹಿಂಡಿದಷ್ಟು ಬೇಕು, ಕಿವಿ, ಕುತ್ತಿಗೆ ಮರೆಯಬೇಡ. ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚು. ಹೆಲ್ಮೆಟ್ಟಿನ ಗಾಜು ಇಳಿಸಿ ಓಡಿಸು, ಒಳಗೆ ಹತ್ತಿ ಬಟ್ಟೆ ಕಟ್ಟಿಕೋ, ಆ ಬಟ್ಟೆ ದಿನಾ ಒಗೆದದ್ದಿರಲಿ.

ಕಣ್ಣೂ ಒಣಗುತ್ತದೆ. ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಕಣ್ಣಿಗೆ ತೇವ ಕೊಡುವ ಡ್ರಾಪ್ಸ್ ಬರುತ್ತವೆ, ಡಾಕ್ಟರನ್ನು ಕೇಳಿ ತಗೋ. ನೀನು ಲೆನ್ಸ್ ಹಾಕುತ್ತಿದ್ದರೆ ಸದ್ಯಕ್ಕೆ ಕನ್ನಡಕವೇ ವಾಸಿ. ಇದಕ್ಕಿಂತ ದೊಡ್ಡ ಸಂಗತಿ ಒಂದಿದೆ: ಕೆಲವರಿಗೆ ಕತ್ತಲಲ್ಲಿ ದೃಷ್ಟಿ ಮಂದವಾಗುತ್ತದೆ, ಕೆಲವೊಮ್ಮೆ ಇದ್ದಕ್ಕಿದ್ದ ಹಾಗೆ. ನೈಟ್ ಶಿಫ್ಟ್ ಮುಗಿಸಿ ಆ ಹೈವೇಯಲ್ಲಿ ಬರುವವನು ನೀನು. ಎದುರು ಲಾರಿಯ ಲೈಟು ಹೋದ ಮೇಲೆ ರಸ್ತೆ ಕಾಣಲು ತಡವಾಗುತ್ತಿದೆ ಅನಿಸಿದರೆ ಅವತ್ತಿನಿಂದಲೇ ಬಸ್ಸು ಹಿಡಿ, ಡಾಕ್ಟರಿಗೆ ತಿಳಿಸು. ಇದನ್ನು ನನಗಾಗಿ ಕೇಳು.

ಮೂಗಿನೊಳಗೂ ಒಣಗಿ ರಕ್ತ ಬರಬಹುದು. ರಾತ್ರಿ ಬೆರಳ ತುದಿಯಲ್ಲಿ ಚೂರು ವ್ಯಾಸಲಿನ್ ತಗೊಂಡು ಹೊಳ್ಳೆಯ ಒಳಬದಿಗೆ ಸವರು. ರಕ್ತ ಬಂದರೆ ತಲೆ ಹಿಂದಕ್ಕೆ ಚಾಚಬೇಡ. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಹಿಡಿದುಕೋ.

ಬೆಳಿಗ್ಗೆ ಬರೀ ಚಹಾದ ಜೊತೆ ಗುಳಿಗೆ ನುಂಗುತ್ತೀನಿ ಅಂದೆಯಲ್ಲ, ಅದನ್ನೂ ಬದಲಿಸು. ಜಿಡ್ಡಿರುವ ಊಟದ ಜೊತೆ ನುಂಗಿದರೆ ಖಾಲಿ ಹೊಟ್ಟೆಗಿಂತ ಎರಡು ಪಟ್ಟಿನಷ್ಟು ಮೈಗೆ ಹತ್ತುತ್ತದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡು ಉಣ್ಣುವ ನಮ್ಮ ಮಧ್ಯಾಹ್ನದ ಊಟ ಇದಕ್ಕೆ ಹೇಳಿ ಮಾಡಿಸಿದ್ದು. ಶಕ್ತಿ ಬರಲಿ ಅಂತ ವಿಟಮಿನ್ ಎ ಇರುವ ಗುಳಿಗೆ ಬೇರೆ ತಗೊಳ್ಳಬೇಡ, ಎರಡೂ ಸೇರಿದರೆ ವಿಷವಾಗುತ್ತದೆ. ಕುಡಿತ ಪೂರ್ತಿ ಬಂದ್. ಡಾಕ್ಟರು ಲಿವರ್ ಮತ್ತು ರಕ್ತದ ಕೊಬ್ಬಿನ ಪರೀಕ್ಷೆ ಬರೆಯುವುದು ಸುಮ್ಮನೆ ಅಲ್ಲ. ಜ್ವರ ಅಂತ ಬೇರೆ ಡಾಕ್ಟರ ಹತ್ತಿರ ಹೋದರೆ ಈ ಗುಳಿಗೆಯ ಹೆಸರು ಮೊದಲು ಹೇಳು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಜೊತೆ ಸೇರಿದರೆ ತಲೆಯೊಳಗೆ ಒತ್ತಡ ಏರುವ ಅಪಾಯವಿದೆ.

ಒಣಗಿದ್ದಕ್ಕೆ ಮೆಡಿಕಲ್‌ನವನು ಒಂದು ಟ್ಯೂಬ್ ಕೊಡುತ್ತೀನಿ ಅಂದನಂತೆ. ಆ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್ ಅಂತ ಇದ್ದರೆ ಕೈ ಹಚ್ಚಬೇಡ. ಅವು ಸ್ಟೀರಾಯ್ಡ್. ಮೊದಲು ಮುಖ ನುಣ್ಣಗೆ ಬೆಳ್ಳಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪೇರಿ, ಗುಳ್ಳೆ ಇನ್ನೂ ಜಾಸ್ತಿ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಇಂಥವನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದವರಿಗೆಲ್ಲ ಸಿಗುತ್ತಿದೆ. ನಮ್ಮ ಊರುಗಳಲ್ಲಿ ಎಷ್ಟು ಮುಖಗಳು ಇದರಿಂದ ಕೆಟ್ಟಿವೆ ಅಂತ ನೆನೆದರೆ ಸಂಕಟವಾಗುತ್ತದೆ.

ಈ ಗುಳಿಗೆ ನುಂಗಿದರೆ ಗಂಡಸರಿಗೆ ಮುಂದೆ ಮಕ್ಕಳಾಗಲ್ಲ ಅಂತ ಯಾರೋ ಹೆದರಿಸಿದ್ದಾರಂತೆ. ಅದು ಸುಳ್ಳು. ಎಚ್ಚರ ಇರಬೇಕಾದದ್ದು ಹೆಣ್ಣುಮಕ್ಕಳ ವಿಷಯದಲ್ಲಿ. ನುಂಗುವಾಗ ಬಸಿರಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಘೋರ ತೊಂದರೆಯಾಗುತ್ತದೆ. ಬಸಿರಿಲ್ಲ ಅಂತ ಪರೀಕ್ಷೆ ಆದ ಮೇಲೆಯೇ ಶುರು ಮಾಡಬೇಕು. ನಿಲ್ಲಿಸಿದ ಮೇಲೂ ಒಂದು ತಿಂಗಳು ಬಸಿರಾಗಬಾರದು. ನಿನ್ನ ತಂಗಿಗೂ ಮೊಡವೆ ಇದೆ ಅಂತ ನಿನ್ನ ಸ್ಟ್ರಿಪ್ಪಿನಿಂದ ಒಂದೂ ಗುಳಿಗೆ ಕೊಡಬೇಡ. ಇದೇ ಕಾರಣಕ್ಕೆ ರಕ್ತದಾನವೂ ಬೇಡ, ನಿಲ್ಲಿಸಿ ಒಂದು ತಿಂಗಳು ಕಳೆಯುವ ತನಕ. ನಿನ್ನ ರಕ್ತ ಯಾವ ಬಸುರಿಗೆ ಹೋಗುತ್ತದೋ ಯಾರು ಬಲ್ಲರು?

ಇಷ್ಟೆಲ್ಲ ಮಾಡಿದರೂ ತಡೆಯೋಕೆ ಆಗದಿದ್ದರೆ ಡಾಕ್ಟರಿಗೆ ಬಾಯಿ ಬಿಟ್ಟು ಹೇಳು. ಒಣಗುವುದು ಡೋಸಿನ ಮೇಲೆ ನಿಂತಿದೆ. ಮೈತೂಕದ ಕಿಲೋಗೆ ದಿನಕ್ಕೆ ಅರ್ಧದಿಂದ ಒಂದು ಮಿಲಿಗ್ರಾಂ ಅನ್ನುವುದು ಪುಸ್ತಕದ ಲೆಕ್ಕ. 60 ಕಿಲೋ ಇರುವ ನಿನಗೆ ಅದು 30ರಿಂದ 60 ಮಿಲಿಗ್ರಾಂ. ಡೋಸು ಇಳಿಸಿ, ತಿಂಗಳು ಹೆಚ್ಚಿಸಿ ಕೋರ್ಸ್ ಮುಗಿಸುವ ದಾರಿಯೂ ಇದೆ. ಆ ತೀರ್ಮಾನ ಅವರದ್ದು. ನೀನೇ ಒಂದು ದಿನ ಬಿಟ್ಟು, ಇನ್ನೊಂದು ದಿನ ಎರಡು ನುಂಗಿ ಸರಿದೂಗಿಸಬೇಡ. ಮೊದಲ ತಿಂಗಳಲ್ಲಿ ಮೊಡವೆ ಸ್ವಲ್ಪ ಜಾಸ್ತಿಯಾಗುವುದೂ ಉಂಟು, ಅದಕ್ಕೆ ಗಾಬರಿ ಬೇಡ. ಆದರೆ ತಲೆ ಸಿಡಿದು ಕಣ್ಣು ಮಂಜಾದರೆ, ಹೊಟ್ಟೆ ತಡೆಯಲಾರದಷ್ಟು ನೋಯುತ್ತಿದ್ದರೆ, ಕಣ್ಣು ಹಳದಿಯಾದರೆ, ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗು. ಮನಸ್ಸು ಏಕೋ ಕುಸಿಯುತ್ತಿದೆ, ಯಾವುದೂ ಬೇಡ ಅನಿಸುತ್ತಿದೆ ಅಂದರೂ ಅಷ್ಟೇ ತುರ್ತು. ಆಗ ಡಾಕ್ಟರಿಗೂ ಹೇಳು, ನನಗೂ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ.

ಪ್ರೈವೇಟ್ ಫೀಸು ಭಾರ ಅನಿಸಿದರೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ನಾವು ಇನ್ನೂ ವಿಮ್ಸ್ ಅನ್ನುತ್ತೀವಲ್ಲ ಅಲ್ಲಿ, ಚರ್ಮರೋಗ ವಿಭಾಗ ಇದೆ. ಇಲ್ಲಿ ರಾಯಚೂರಿನ ರಿಮ್ಸ್‌ನಲ್ಲೂ, ಕೊಪ್ಪಳದ ಕಿಮ್ಸ್‌ನಲ್ಲೂ ಇದೆ. ನಿನ್ನ ಹಳೆ ಚೀಟಿ, ರಕ್ತದ ರಿಪೋರ್ಟು ಎರಡೂ ತಗೊಂಡು ಹೋಗು. ಮುಂದಿನ ವಾರದ ರಜೆ ಯಾವತ್ತು ಅಂತ ತಿಳಿಸು, ಒಬ್ಬನೇ ಹೋಗೋಕೆ ಬೇಜಾರಾದರೆ ನಾನೂ ಬರುತ್ತೇನೆ.

ನಿನ್ನ ಗೆಳೆಯ,
ರಾಯಚೂರು