ಭಾನುವಾರದ ಚರ್ಚೆ: ಸ್ಯಾನ್ ಫ್ರಾನ್ಸಿಸ್ಕೊದ ಧರಣಿ

ಸದಸ್ಯರ ಗಮನಕ್ಕೆ: ಅಮೆರಿಕದ ತೀವ್ರಗಾಮಿ ಚಳವಳಿಗಳ ಕುರಿತ ಭಾನುವಾರದ ಚರ್ಚೆಯನ್ನು 1977ರ ಅಂಗವಿಕಲರ ಧರಣಿಗೆ ಸೀಮಿತಗೊಳಿಸಲಾಗಿದೆ. ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲೂ ಅಂಗವಿಕಲರಿಗೆ ತಾರತಮ್ಯ ಮಾಡಕೂಡದೆಂದು 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಹೇಳಿದ್ದರೂ, ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬೀಳದೆ ಅದು ವರ್ಷಗಟ್ಟಲೆ ಕಾಗದದಲ್ಲೇ ಉಳಿದಿತ್ತು. ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯಲ್ಲಿ ಧರಣಿ ಕುಳಿತ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತು ಸಂಗಡಿಗರು, ದೂರವಾಣಿ ಕಡಿತಗೊಂಡಾಗ ಕಿಟಕಿಯಿಂದ ಕೈಸನ್ನೆಯಲ್ಲೇ ಹೊರಗಿನವರಿಗೆ ಸುದ್ದಿ ಮುಟ್ಟಿಸುತ್ತ, 28ರಂದು ಸಹಿ ಬೀಳುವವರೆಗೂ ಜಾಗ ಬಿಟ್ಟು ಕದಲಲಿಲ್ಲ. ಅವರಿಗೆ ಬಿಸಿಯೂಟ ಹೊತ್ತು ತಂದವರು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಬಂದೂಕಿನ ಚಿತ್ರಗಳಿಂದಷ್ಟೇ ಆ ಪಕ್ಷವನ್ನು ಬಲ್ಲವರು ಇದನ್ನು ವಿಶೇಷವಾಗಿ ಗಮನಿಸಬೇಕು. ಖಾಸಗಿ ಅಂಗಡಿ, ಹೋಟೆಲುಗಳನ್ನೂ ಒಳಗೊಂಡ 1990ರ ಅಂಗವಿಕಲರ ಕಾಯ್ದೆಗೆ ಈ ಧರಣಿ ಹೇಗೆ ದಾರಿಮಾಡಿತೆಂಬುದರ ಬಗ್ಗೆ ಸದಸ್ಯರು ಸಿದ್ಧರಾಗಿ ಬರಬೇಕೆಂದು ವಿನಂತಿ.